ತಪ್ಪು ಮಾಡಿ ಕಲಿಯಲು ನಮಗೂ ಒಂದು ಜಾಗ ಕೊಡಿ: ಉತ್ತರ ಕನ್ನಡ ಜಿಲ್ಲಾಡಳಿತಕ್ಕೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ, ಉಸ್ತುವಾರಿ ಸಚಿವರೇ, ನಮ್ಮ ಜಿಲ್ಲೆಯ ಶಾಸಕರೇ,

ನಮಸ್ಕಾರ. ನಾನು ಕುಮಟಾ ತಾಲೂಕಿನವಳು. ಬಹಳ ವರ್ಷ ಸಣ್ಣ ಆಸ್ಪತ್ರೆಗಳ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದೆ. ಈಗ ನರ್ಸಿಂಗ್ ಓದುವ ಮಕ್ಕಳಿಗೆ ಪಾಠ ಹೇಳುತ್ತೇನೆ. ನಮ್ಮದು ಮೀನುಗಾರರ ಮನೆ. ಅಪ್ಪ ನಾಡದೋಣಿಯಲ್ಲೇ ಬದುಕು ಸವೆಸಿದರು, ತಮ್ಮ ಈಗ ದೊಡ್ಡ ಬಲೆಯ ಪರ್ಸಿನ್ ಬೋಟಿಗೆ ಹೋಗುತ್ತಾನೆ. ಹಾಗಾಗಿ ಈ ಪತ್ರದಲ್ಲಿ ಆಸ್ಪತ್ರೆಯ ಮಾತು, ಕಡಲಿನ ಮಾತು ಜಾಸ್ತಿ ಬರುತ್ತದೆ.

ಕೇಳುವುದು ಇಷ್ಟೇ. ಜೀವ ಉಳಿಸುವ ಕೆಲಸ ಮಾಡುವವರಿಗೆ, ಜೀವ ಹೋಗಬಹುದಾದ ಕೆಲಸ ಮಾಡುವವರಿಗೆ, ಆ ಕೆಲಸವನ್ನು ಮೊದಲೇ ಅಭ್ಯಾಸ ಮಾಡುವ ಒಂದು ಏರ್ಪಾಡು ಬೇಕು. ಅಣಕು ಸನ್ನಿವೇಶ ಕಟ್ಟಿ, ತಪ್ಪಾದರೂ ಯಾರೂ ಸಾಯದ ಜಾಗದಲ್ಲಿ ಮಾಡಿಸುವ ಅಭ್ಯಾಸ. ಸಿಮ್ಯುಲೇಶನ್ ತರಬೇತಿ ಅಂತಾರಲ್ಲ, ಅದು.

ನಮ್ಮ ಜಿಲ್ಲೆಗೆ ಇದು ಹೊಸದೇನಲ್ಲ. ಕೈಗಾ ಅಣುಸ್ಥಾವರದಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಘಟಕಗಳಿವೆ. ಅದರ ಒಂದನೇ ಘಟಕ 2018ರ ಕೊನೆಯ ದಿನದವರೆಗೆ 962 ದಿನ ಬಿಡದೆ ಓಡಿ ಆಗ ವಿಶ್ವದಾಖಲೆ ಬರೆಯಿತು. ಇಂಥ ಸ್ಥಾವರ ನಡೆಸುವವರನ್ನು ಯಾರೂ ನೇರವಾಗಿ ಕಂಟ್ರೋಲ್ ರೂಮಿನಲ್ಲಿ ಕೂರಿಸುವುದಿಲ್ಲ. ಅದರ ಪಡಿಯಚ್ಚಿನಂಥ ಇನ್ನೊಂದು ಕೋಣೆಯಲ್ಲಿ ಅವರು ಕಲಿಯುತ್ತಾರೆ. ಅದೇ ಗುಂಡಿಗಳು, ಅದೇ ಅಲಾರಂಗಳು. ಪಂಪು ನಿಂತಂತೆ, ಪೈಪು ಒಡೆದಂತೆ ತರಬೇತುದಾರರು ಬೇಕೆಂದೇ ಗಲಿಬಿಲಿ ಎಬ್ಬಿಸುತ್ತಾರೆ. 1979ರಲ್ಲಿ ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಸ್ಥಾವರದಲ್ಲಿ ಅಪಘಾತವಾಯಿತು. ಅಲ್ಲಿಯವರಿಗೆ ಸಿಕ್ಕ ತರಬೇತಿ ಏನೇನೂ ಸಾಲದಾಗಿತ್ತು ಅಂತ ತನಿಖಾ ಆಯೋಗ ಬರೆಯಿತು. ಆಮೇಲೆ ಎಲ್ಲ ಕಡೆ ಈ ಅಭ್ಯಾಸ ಬಿಗಿಯಾಯಿತು.

ನೌಕಾನೆಲೆಯದ್ದೂ ಇದೇ ಕಥೆ. ಐಎನ್‌ಎಸ್ ವಿಕ್ರಮಾದಿತ್ಯ ನಮ್ಮ ಕಾರವಾರದ ವಿಮಾನವಾಹಕ ಹಡಗು. ಅದರ ಡೆಕ್ಕಿನ ಮೇಲೆ ವಿಮಾನ ಇಳಿಸುವ ಪೈಲಟ್ ಮೊದಲು ಗೋವಾದ ಐಎನ್‌ಎಸ್ ಹಂಸ ವಾಯುನೆಲೆಯಲ್ಲಿ ನೆಲದ ಮೇಲೆ ಕಟ್ಟಿದ ಡೆಕ್ಕಿನಲ್ಲಿ ಕಲಿಯುತ್ತಾನೆ. ಹಾರಲು ಎದುರಿಗೆ ಎತ್ತರಿಸಿದ ತುದಿ, ಇಳಿಯುವಾಗ ಹಿಡಿದು ನಿಲ್ಲಿಸುವ ತಂತಿ, ಎಲ್ಲ ಹಡಗಿನಲ್ಲಿದ್ದ ಹಾಗೇ. ಕೆಳಗೆ ಸಮುದ್ರ ಇಲ್ಲ, ಅಷ್ಟೇ.

ಈ ಎರಡಕ್ಕೂ ಜಾಗ ಕೊಟ್ಟವರು ನಮ್ಮ ಜನ. ಸೀಬರ್ಡ್ ನೌಕಾನೆಲೆ ಬಂದಾಗ ಕಾರವಾರ, ಅಂಕೋಲಾದ ಎಷ್ಟು ಮೀನುಗಾರರ ಕೇರಿಗಳು ಎದ್ದು ಹೋದವು ಅನ್ನುವುದು ನಿಮ್ಮ ಕಚೇರಿಯ ಕಡತಗಳಲ್ಲೇ ಇದೆ. ಅಣುಸ್ಥಾವರದ ಎಂಜಿನಿಯರ್‌ಗೆ ತಪ್ಪು ಮಾಡಿ ಕಲಿಯುವ ಅವಕಾಶ ಇದೆ. ಯುದ್ಧವಿಮಾನದ ಪೈಲಟ್‌ಗೆ ಇದೆ. ಬೈತಖೋಲದ ಬೋಟಿನಲ್ಲಿ ದುಡಿಯುವ ಖಲಾಸಿಗೆ, ತದಡಿಯಲ್ಲಿ ಬೋಟು ನಡೆಸುವ ತಾಂಡೇಲನಿಗೆ, ರಾತ್ರಿ ಪಾಳಿಯಲ್ಲಿ ಒಬ್ಬಳೇ ಇರುವ ನರ್ಸಿಗೆ ಯಾಕಿಲ್ಲ?

ಅನುಭವದಿಂದಲೇ ಕಲಿಯುತ್ತಾರೆ ಬಿಡಿ ಅಂತ ಹಿರಿಯ ಅಧಿಕಾರಿಗಳೊಬ್ಬರು ನನಗೆ ಹೇಳಿದ್ದರು. ಈ ಮಾತಿಗೆ ನಾನು ಒಪ್ಪುವುದಿಲ್ಲ. ದಿನಾ ಬರುವ ಕೆಲಸವನ್ನು ಅನುಭವ ಕಲಿಸುತ್ತದೆ, ನಿಜ. ಬಲೆ ಬಿಡುವುದು, ಸೂಜಿ ಹಾಕುವುದು, ಬಿಪಿ ನೋಡುವುದು. ಆದರೆ ಜೀವ ತೆಗೆಯುವ ಸಂದರ್ಭ ಅಪರೂಪಕ್ಕೆ ಬರುತ್ತದೆ. ಸಣ್ಣ ಆಸ್ಪತ್ರೆಯ ನರ್ಸ್ ಒಬ್ಬಳು ತಿಂಗಳುಗಟ್ಟಲೆ ಒಂದೂ ಕಷ್ಟದ ಹೆರಿಗೆ ನೋಡದೆ ಇರಬಹುದು. ಬೋಟು ಮಗುಚುವುದನ್ನು ಖಲಾಸಿ ಜೀವಮಾನದಲ್ಲಿ ಒಮ್ಮೆ ನೋಡಿದರೆ ಜಾಸ್ತಿ. ಆ ಒಂದು ಸಲಕ್ಕೆ ಅನುಭವ ಎಲ್ಲಿಂದ ತರಬೇಕು? ಗುಣವಂತೆಯ ಕೆರೆಮನೆ ಮೇಳದಂಥ ಕಡೆ ಯಕ್ಷಗಾನ ಕಲಿಯಲು ಬಂದ ಹುಡುಗನಿಗೆ ಮೊದಲ ರಾತ್ರಿಯೇ ಕರ್ಣನ ವೇಷ ಕಟ್ಟುವುದಿಲ್ಲ. ಹೆಜ್ಜೆ ತಪ್ಪಿಸಿ ತಪ್ಪಿಸಿ, ಗುರುಗಳಿಂದ ಬೈಸಿಕೊಂಡು, ಆಮೇಲೆ ರಂಗಸ್ಥಳ. ಆಟಕ್ಕೇ ಇಷ್ಟು ತಯಾರಿ ಬೇಕು ಅಂದರೆ ಹೆರಿಗೆ ಕೋಣೆಗೆ ಬೇಡವೇ?

ನನಗೆ ಚೆನ್ನಾಗಿ ಗೊತ್ತಿರುವ ವಿಷಯವನ್ನೇ ಬಿಡಿಸಿ ಹೇಳುತ್ತೇನೆ.

ಮಗು ಹೊರಬಂದ ಮೇಲೆ ಗರ್ಭಕೋಶ ಗಟ್ಟಿಯಾಗಿ ಮುದುಡಿಕೊಳ್ಳಬೇಕು. ಮುದುಡದಿದ್ದರೆ ರಕ್ತ ಹರಿಯುತ್ತಲೇ ಇರುತ್ತದೆ. ಅರ್ಧ ಲೀಟರ್ ದಾಟಿತು ಅಂದರೆ ಅಪಾಯದ ಗಂಟೆ. ತಾಯಂದಿರ ಸಾವಿಗೆ ದೊಡ್ಡ ಕಾರಣಗಳಲ್ಲಿ ಇದೊಂದು. ಏನು ಮಾಡಬೇಕು ಅನ್ನುವುದು ಪುಸ್ತಕದಲ್ಲಿದೆ, ಪರೀಕ್ಷೆಯಲ್ಲಿ ಮಕ್ಕಳು ಚಂದ ಬರೆಯುತ್ತಾರೆ. ಹೊಟ್ಟೆಯ ಮೇಲಿಂದ ಗರ್ಭಕೋಶ ತಿಕ್ಕಬೇಕು, ಗರ್ಭಕೋಶ ಮುದುಡಿಸುವ ಆಕ್ಸಿಟೋಸಿನ್ ಕೊಡಬೇಕು, ಡ್ರಿಪ್ ಹಾಕಬೇಕು, ರಕ್ತ ನಿಲ್ಲಲು ನೆರವಾಗುವ ಟ್ರಾನೆಕ್ಸಾಮಿಕ್ ಆಸಿಡ್ ಕೊಡಬೇಕು, ಎಲ್ಲಿ ಹರಿದಿದೆ ನೋಡಬೇಕು. ಆದರೆ ನಡುರಾತ್ರಿ, ಹೊರಗೆ ಜಡಿಮಳೆ, ಬಾಗಿಲಲ್ಲಿ ಅಳುವ ಅತ್ತೆ. ಆಗ ಆ ಸಾಲುಗಳು ನೆನಪಿಗೆ ಬರುವುದಿಲ್ಲ. ಅಭ್ಯಾಸವಾದ ಕೈ ಮಾತ್ರ ಕೆಲಸ ಮಾಡುತ್ತದೆ.

ಇದನ್ನು ಕಲಿಸಲು ಒಂದು ಸರಳ ಸಾಧನ ಇದೆ. ಸೊಂಟಕ್ಕೆ ಕಟ್ಟಿಕೊಳ್ಳುವ ಹುಸಿ ಹೊಟ್ಟೆ. ಒಳಗೊಂದು ಗೊಂಬೆ ಮಗು, ಕೆಂಪು ನೀರಿನ ಚೀಲ. ಕಟ್ಟಿಕೊಂಡವರು ಬಾಣಂತಿಯಂತೆ ಮಲಗುತ್ತಾರೆ. ಒಳಗಿನಿಂದ ಕೈಯಲ್ಲಿ ಒತ್ತಿ ಗರ್ಭಕೋಶ ಗಟ್ಟಿಯಾದಂತೆ, ಮೆತ್ತಗಾದಂತೆ ಮಾಡಬಹುದು. ರಕ್ತ ಹರಿಸಬಹುದು, ನಿಲ್ಲಿಸಬಹುದು. ವಿದ್ಯುತ್ ಬೇಡ, ಕಂಪ್ಯೂಟರ್ ಬೇಡ.

ಒಂದು ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಇಂಥ ಅಭ್ಯಾಸ ಇಟ್ಟಿದ್ದೆವು. ನಾನೇ ಹೊಟ್ಟೆ ಕಟ್ಟಿಕೊಂಡು ಮಲಗಿದ್ದೆ. ಮಗು ಬಂತು. ಕೆಂಪು ನೀರು ಬಿಟ್ಟೆ. "ಸಿಸ್ಟರ್, ತಲೆ ತಿರುಗ್ತಾ ಇದೆ" ಅಂದೆ. ಇಬ್ಬರು ಹುಡುಗಿಯರು ಚುರುಕಾಗಿಯೇ ಇದ್ದರು. ಒಬ್ಬಳು ತಿಕ್ಕಲು ಶುರು ಮಾಡಿದಳು, ಇನ್ನೊಬ್ಬಳು ಇಂಜೆಕ್ಷನ್ ತರಲು ಓಡಿದಳು. ಆಕ್ಸಿಟೋಸಿನ್ ತಣ್ಣಗೆ, 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಅದಕ್ಕೆ ಫ್ರಿಜ್ಜಿನಲ್ಲಿತ್ತು. ಫ್ರಿಜ್ಜು ಕಾರಿಡಾರಿನ ಆ ತುದಿಯಲ್ಲಿ. ಫ್ರಿಜ್ಜಿಗೆ ಬೀಗ. ಕೀಲಿ ಸ್ಟೋರಿನವರ ಹತ್ತಿರ. ಸ್ಟೋರಿನವರು ಸಂಜೆಯೇ ಮನೆಗೆ ಹೋಗುತ್ತಾರೆ. ಇನ್ನೊಂದು ಕೀಲಿ ಎಲ್ಲಿದೆ ಅಂತ ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ನಾನು ಮಲಗಿದಲ್ಲೇ ಇದ್ದೆ. ಕೆಂಪು ನೀರು ಮಂಚದಿಂದ ಕೆಳಗೆ ತೊಟ್ಟಿಕ್ಕುತ್ತಿತ್ತು. ತಿಕ್ಕುತ್ತಿದ್ದ ಹುಡುಗಿಯ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು.

ಯಾರೂ ಸಾಯಲಿಲ್ಲ. ಕೀಲಿಯ ಸಮಸ್ಯೆ ಅವತ್ತೇ ಸಿಕ್ಕಿತು. ಆ ವಾರದಲ್ಲೇ ಹೆರಿಗೆ ಕೋಣೆಯೊಳಗೆ ಐಸ್ ಇಟ್ಟ ಸಣ್ಣ ಡಬ್ಬಿ ಬಂತು, ಇಂಜೆಕ್ಷನ್, ಸಿರಿಂಜ್, ಡ್ರಿಪ್ ಸೆಟ್ ಎಲ್ಲ ಒಂದೇ ಟ್ರೇಯಲ್ಲಿ ಬಂದವು. ದುಡ್ಡು ಹೆಚ್ಚೇನೂ ಖರ್ಚಾಗಲಿಲ್ಲ. ಆ ಬೀಗ ಎಷ್ಟೋ ವರ್ಷದಿಂದ ಅಲ್ಲೇ ಇತ್ತು. ತಪಾಸಣೆಗೆ ಬಂದವರು ಎಷ್ಟು ಜನ ಅದರ ಮುಂದೆಯೇ ನಡೆದು ಹೋಗಿದ್ದರೋ. ಕಡತದಲ್ಲಿ "ಔಷಧಿ ಲಭ್ಯವಿದೆ" ಅಂತ ಬರೆದಿತ್ತು. ಲಭ್ಯವೇ ಇತ್ತು!

ಇನ್ನೊಂದು ಸಣ್ಣ ಪ್ರಯೋಗ ಮಾಡಿ ನೋಡಿ. ಅರ್ಧ ಲೀಟರ್ ಕೆಂಪು ನೀರನ್ನು ದಪ್ಪ ಬೆಡ್‌ಶೀಟಿನ ಮೇಲೆ ಸುರಿದು ಎಷ್ಟಿದೆ ಅಂತ ಕೇಳಿ. ಇನ್ನೂರು, ಇನ್ನೂರೈವತ್ತು ಮಿಲಿ ಅಂತಾರೆ. ಬಟ್ಟೆ ಹೀರಿಕೊಂಡ ರಕ್ತ ಕಣ್ಣಿಗೆ ಯಾವಾಗಲೂ ಕಡಿಮೆಯೇ ಕಾಣುತ್ತದೆ. ಹಾಗಾಗಿಯೇ ಚಿಕಿತ್ಸೆ ತಡವಾಗುತ್ತದೆ. ಕೆಲವು ವರ್ಷದ ಹಿಂದೆ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾ ದೇಶಗಳ ಸುಮಾರು 80 ಆಸ್ಪತ್ರೆಗಳಲ್ಲಿ ಇದರ ಮೇಲೆ ದೊಡ್ಡ ಅಧ್ಯಯನ ನಡೆಯಿತು. ರಕ್ತ ಅಳೆಯುವ ಗುರುತಿರುವ ಚೀಲ ಕೊಟ್ಟರು, ಎಲ್ಲ ಚಿಕಿತ್ಸೆ ಒಟ್ಟಿಗೇ ಶುರು ಮಾಡಲು ಹೇಳಿದರು, ಅದನ್ನು ಅಭ್ಯಾಸ ಮಾಡಿಸಿದರು. 2023ರಲ್ಲಿ ಫಲಿತಾಂಶ ಬಂತು. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವುದು, ಅದರಿಂದ ಸಾವು, ಇವೆಲ್ಲ ಸೇರಿ ಶೇಕಡಾ 60ರಷ್ಟು ಇಳಿದಿತ್ತು. ಶ್ರೀಮಂತ ಆಸ್ಪತ್ರೆಗಳಲ್ಲ ಅವು. ನಮ್ಮ ತಾಲೂಕು ಆಸ್ಪತ್ರೆಗಳಂಥವೇ.

ಈ ವಿಚಾರ ಎಷ್ಟು ಹಳೆಯದು ಗೊತ್ತೇ? ಫ್ರಾನ್ಸಿನಲ್ಲಿ ಮೇಡಂ ದು ಕೂದ್ರೆ ಅಂತ ಒಬ್ಬ ಸೂಲಗಿತ್ತಿ ಇದ್ದಳು. 1759ರಲ್ಲಿ ಅಲ್ಲಿನ ರಾಜ ಅವಳಿಗೆ ಊರೂರು ತಿರುಗಿ ಹೆರಿಗೆ ಕಲಿಸುವ ಕೆಲಸ ಕೊಟ್ಟ. ಅವಳು ಬಟ್ಟೆ, ಚರ್ಮ, ಹತ್ತಿಯಿಂದ ಆಳಿನ ಅಳತೆಯ ಸೊಂಟ, ಅದರೊಳಗೆ ಕೂರುವ ಬಟ್ಟೆ ಮಗು ಹೊಲಿದಳು. ಓದು ಬರಹ ಇಲ್ಲದ ಹಳ್ಳಿ ಹೆಂಗಸರು ಆ ಗೊಂಬೆಯ ಮೇಲೆ ಕೈ ಪಳಗಿಸಿಕೊಂಡರು. ಸುಮಾರು ಕಾಲು ಶತಮಾನ ಅವಳು ಹೀಗೆ ತಿರುಗಿದಳು, ಸಾವಿರಾರು ಜನರಿಗೆ ಕಲಿಸಿದಳು. ಅವಳ ಒಂದು ಗೊಂಬೆ ಇವತ್ತಿಗೂ ರೂವಾ ಊರಿನ ಮ್ಯೂಸಿಯಮ್ಮಿನಲ್ಲಿದೆ. ಬಟ್ಟೆ ಮತ್ತು ಸೂಜಿದಾರದಲ್ಲಿ ಆಗ ಸಾಧ್ಯವಾಗಿದ್ದು ಈಗ ನಮಗೆ ಬಜೆಟ್ ಇಲ್ಲದೆ ನಿಂತಿದೆ ಅಂದರೆ ನಂಬಲು ಕಷ್ಟವಾಗುತ್ತದೆ.

ಈಗ ಕಡಲಿಗೆ ಬರುತ್ತೇನೆ.

2019ರ ಜನವರಿ 21. ಕಾರವಾರದ ಬಳಿಯ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆ. ವಾಪಸು ಬರುವಾಗ ದೋಣಿ ಮಗುಚಿ 16 ಜನ ಹೋದರು. ಅದರಲ್ಲಿ ಮಕ್ಕಳೂ ಇದ್ದರು. ಜನ ತುಂಬಿಸಿದ್ದು, ಜಾಕೆಟ್ ಇಲ್ಲದ್ದು, ಇವೆಲ್ಲ ಆಗಲೇ ಚರ್ಚೆಯಾಗಿವೆ. ಆಮೇಲೆ ಜಾಕೆಟ್ ಕಡ್ಡಾಯ ಅಂತ ಎಲ್ಲ ಕಡೆ ಬೋರ್ಡ್ ಬಂತು. ಜಾಕೆಟ್ ಕೊಟ್ಟರೆ ಮುಗಿಯಿತೇ?

ಕಳೆದ ಮಳೆಗಾಲಕ್ಕೆ ಮೊದಲು ನಮ್ಮೂರ ಹುಡುಗರು ಅಘನಾಶಿನಿಯ ಹಿನ್ನೀರಿನಲ್ಲಿ ಇದನ್ನು ಮಾಡಿ ನೋಡಿದರು. ನೀರು ಸೊಂಟದಿಂದ ಎದೆಯಷ್ಟು, ಅಲೆ ಇಲ್ಲ, ಪಕ್ಕದಲ್ಲೇ ದೋಣಿ. ಎಲ್ಲರೂ ಹುಟ್ಟಿನಿಂದ ಈಜುವವರು. ನೀರಿಗೆ ಇಳಿದ ಮೇಲೆ ಜಾಕೆಟ್ ಹಾಕಿಕೊಳ್ಳಿ ಅಂದೆವು. ಆಗಲಿಲ್ಲ. ಒಂದು ತೋಳು ಹೋದರೆ ಇನ್ನೊಂದು ತೋಳಿನ ಕಡೆ ಜಾಕೆಟ್ ತೇಲಿ ಹೋಗುತ್ತದೆ. ಒದ್ದೆ ಬಕಲ್ ಬೆರಳಿಗೆ ಸಿಗುವುದಿಲ್ಲ. ಮೊದಲೇ ಹಾಕಿಕೊಂಡು ಜಿಗಿದವರಲ್ಲಿ ಕೆಲವರು ಕಾಲ ಸಂದಿಯ ಪಟ್ಟಿ ಕಟ್ಟಿರಲಿಲ್ಲ. ನೀರಿಗೆ ಬಿದ್ದ ಕೂಡಲೇ ಜಾಕೆಟ್ ಮೇಲೆ ಎದ್ದು ಗಲ್ಲ, ಮೂಗು ಮುಚ್ಚಿತು. ಒಬ್ಬನಂತೂ ಕೆಮ್ಮುತ್ತ ಎರಡೂ ಕೈಯಲ್ಲಿ ಅದನ್ನು ಕೆಳಗೆ ಎಳೆಯುತ್ತಿದ್ದ. ತೇಲಿಸಬೇಕಾದ ಜಾಕೆಟ್ಟನ್ನು ಹಿಡಿದುಕೊಳ್ಳುವುದೇ ಅವನಿಗೆ ಕೆಲಸ. ಶಾಂತ ನೀರಿನಲ್ಲಿ ಹೀಗಾದರೆ ಬಂಡೆಗೆ ಅಲೆ ಹೊಡೆಯುವಲ್ಲಿ ಏನು ಗತಿ? ಅವತ್ತಿನಿಂದ ಆ ಹುಡುಗರು ಬೋಟು ಬಿಡುವ ಮೊದಲೇ ಜಾಕೆಟ್ ಹಾಕುತ್ತಾರೆ, ಪಟ್ಟಿ ಬಿಗಿಯುತ್ತಾರೆ. ಯಾವ ಬೋರ್ಡೂ ಇದನ್ನು ಮಾಡಿಸಿರಲಿಲ್ಲ.

ಗಡಿ ದಾಟಿದರೆ ಗೋವಾದಲ್ಲಿ ತೈಲ ಕಂಪನಿ ಒಎನ್‌ಜಿಸಿಯ ಸಮುದ್ರ ಬದುಕುಳಿಯುವ ತರಬೇತಿ ಕೇಂದ್ರ ಇದೆ. 2024ರ ಫೆಬ್ರುವರಿಯಲ್ಲಿ ಪ್ರಧಾನಿಗಳು ಉದ್ಘಾಟನೆ ಮಾಡಿದರು. ಕೆಟ್ಟ ಹವಾಮಾನವನ್ನು ಕೃತಕವಾಗಿ ಮಾಡಿ, ಅದರಲ್ಲಿ ಬದುಕಿ ಬರುವುದನ್ನು ಕಲಿಸುವ ಜಾಗ ಅದು. ಎಣ್ಣೆಬಾವಿಗೆ ಹೋಗುವವರಿಗೆ ಇದು ಬೇಕೇ ಬೇಕು, ಒಪ್ಪುತ್ತೇನೆ. ಅದೇ ಅರಬ್ಬಿ ಸಮುದ್ರಕ್ಕೆ ದಿನಾ ಹೋಗುವ ನಮ್ಮ ಮೀನುಗಾರರಿಗೂ ಅಲ್ಲಿ ಕೆಲವು ಸೀಟು ಕೇಳಲು ಆಗುವುದಿಲ್ಲವೇ? ಜಿಲ್ಲಾಡಳಿತ ಒಂದು ಪತ್ರ ಬರೆಯಲಿ. ಎಲ್ಲರನ್ನೂ ಕಳಿಸುವುದು ಬೇಡ. ಪ್ರತಿ ಬಂದರಿನಿಂದ ಇಬ್ಬರು ಮೂವರು ಹೋಗಿ ಕಲಿತು ಬಂದರೆ, ಅವರು ಇಲ್ಲಿ ಉಳಿದವರಿಗೆ ಕಲಿಸುತ್ತಾರೆ. ಕಾರವಾರದಲ್ಲಿ ಕೋಸ್ಟ್ ಗಾರ್ಡ್ ಇದೆ, ಕರಾವಳಿ ಕಾವಲು ಪೊಲೀಸರಿದ್ದಾರೆ, ನೌಕಾಪಡೆಯಿಂದ ನಿವೃತ್ತರಾದವರು ಎಷ್ಟೋ ಜನ ಇಲ್ಲೇ ಮನೆ ಕಟ್ಟಿಕೊಂಡಿದ್ದಾರೆ.

ಸಮಯವೂ ಇದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟು ದಡದಲ್ಲಿ, ಜನ ಬಲೆ ಹೆಣೆಯುತ್ತ ಇರುತ್ತಾರೆ. ಆ ದಿನಗಳಲ್ಲಿ ಒಬ್ಬೊಬ್ಬರಿಗೆ ಎರಡೇ ದಿನ ಕೊಡಿ. ಒಂದು ದಿನ ಶಾಂತ ನೀರಿನಲ್ಲಿ: ಜಾಕೆಟ್, ಮಗುಚಿದ ದೋಣಿ ಹಿಡಿಯುವುದು, ಗುಂಪಾಗಿ ತೇಲುವುದು, ಬಿದ್ದವನನ್ನು ಬೋಟಿಗೆ ಎತ್ತುವುದು. ಇನ್ನೊಂದು ದಿನ ದಡದಲ್ಲಿ: ಬೆಂಕಿ, ವೈರ್‌ಲೆಸ್ಸಿನಲ್ಲಿ ಜಾಗ ಹೇಳುವುದು, ಉಸಿರು ಕೊಡುವುದು. ಒಡಿಶಾ, ಜಾರ್ಖಂಡಿನಿಂದ ಬಂದ ಹುಡುಗರು ನಮ್ಮ ಬೋಟುಗಳಲ್ಲಿ ಬೇಕಾದಷ್ಟಿದ್ದಾರೆ. ಭಾಷಣ ಮಾಡಿದರೆ ಅವರಿಗೆ ಅರ್ಥವಾಗುವುದಿಲ್ಲ, ಮಾಡಿ ತೋರಿಸಿದರೆ ಆಗುತ್ತದೆ. ನಿಷೇಧದ ಹೊತ್ತಿಗೆ ಅವರು ಊರಿಗೆ ಹೋಗಿರುತ್ತಾರೆ, ಆದ್ದರಿಂದ ಅವರಿಗೆ ಆಗಸ್ಟಿನ ಮೊದಲ ವಾರ ಬೇರೆ ಇಡಬೇಕು. ಒಂದು ಕಿವಿಮಾತು. ನಿಷೇಧದ ದಿನಗಳಿಗಾಗಿ ಮೀನುಗಾರರಿಗೆ ಸಿಗುವ ಉಳಿತಾಯ-ಪರಿಹಾರದ ಹಣಕ್ಕೆ ಇದನ್ನು ಷರತ್ತು ಮಾಡಬೇಡಿ. ಆ ಹಣ ಮಳೆಗಾಲದ ಅಕ್ಕಿಗೆ ಬರುವುದು. ಬದಲಿಗೆ ಬಂದವರಿಗೆ ಆ ಎರಡು ದಿನದ ಕೂಲಿ ಕೊಡಿ. ಜನ ಬರುತ್ತಾರೆ.

ಉಸಿರು ಕೊಡುವ ಮಾತು ಬಂತಲ್ಲ. ಮುರ್ಡೇಶ್ವರದಲ್ಲಿ 2024ರ ಡಿಸೆಂಬರ್‌ನಲ್ಲಿ ಪ್ರವಾಸಕ್ಕೆ ಬಂದ ನಾಲ್ಕು ವಿದ್ಯಾರ್ಥಿನಿಯರು ಮುಳುಗಿ ಹೋದರು. ಗೋಕರ್ಣದಲ್ಲಿ ಆಗಾಗ ಆಗುತ್ತಲೇ ಇರುತ್ತದೆ. ನೀರಿನಿಂದ ಎತ್ತಿ ತಂದವರನ್ನು ನಮ್ಮ ಕಡೆ ಬೋರಲು ಹಾಕಿ ಹೊಟ್ಟೆ ಒತ್ತುತ್ತಾರೆ, ನೀರು ತೆಗೆಯಲು. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ. ಆದರೆ ಅದರಿಂದ ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬಂದು ಶ್ವಾಸಕ್ಕೇ ತೊಂದರೆ, ಅದಕ್ಕಿಂತ ಹೆಚ್ಚಾಗಿ ಸಮಯ ಹಾಳು. ಮುಳುಗಿದವರಿಗೆ ಮೊದಲು ಬೇಕಾದ್ದು ಉಸಿರು. ಆಮೇಲೆ ಎದೆ ಒತ್ತುವುದು. ನಿಮಿಷಕ್ಕೆ 100ರಿಂದ 120 ಸಲ, ದೊಡ್ಡವರಿಗೆ 5ರಿಂದ 6 ಸೆಂಟಿಮೀಟರ್ ಆಳ. ಈ 5 ಸೆಂಟಿಮೀಟರ್ ಅಂದರೆ ಎಷ್ಟು ಅಂತ ಬಾಯಲ್ಲಿ ಹೇಳಲು ಆಗುವುದೇ ಇಲ್ಲ. ಅಭ್ಯಾಸಕ್ಕೆಂದೇ ಮಾಡಿದ ಗೊಂಬೆಯ ಎದೆ ಒತ್ತಿದಾಗ, ಸರಿಯಾದ ಆಳಕ್ಕೆ ಹೋದರೆ ಒಳಗೆ ಟಕ್ ಅಂತ ಸದ್ದು ಬರುತ್ತದೆ. ಮೊದಲ ಸಲ ಯಾರಿಗೂ ಆ ಸದ್ದು ಬರುವುದಿಲ್ಲ. ಇಷ್ಟು ಜೋರಾಗಿ ಒತ್ತಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಹೌದು, ಅಷ್ಟೇ ಜೋರಾಗಿ. ಎರಡು ನಿಮಿಷ ಒತ್ತಿದರೆ ಬಲಿಷ್ಠ ಹುಡುಗನೂ ಬೆವರುತ್ತಾನೆ. ಆಗ ಆಳು ಬದಲಾಗಬೇಕು ಅನ್ನುವುದು ಮೈಗೇ ಗೊತ್ತಾಗುತ್ತದೆ.

ಈ ಗೊಂಬೆ ಮೊದಲು ಮಾಡಿದ್ದು 1960ರಲ್ಲಿ, ನಾರ್ವೆಯ ಆಟಿಕೆ ತಯಾರಕ ಆಸ್ಮಂಡ್ ಲೇರ್ಡಾಲ್. ಅವನ ಸ್ವಂತ ಮಗ ಚಿಕ್ಕವನಿದ್ದಾಗ ನೀರಿನಲ್ಲಿ ಮುಳುಗಿ ಬದುಕಿದವನು. ಗೊಂಬೆಯ ಮುಖ ಪ್ಯಾರಿಸ್‌ನ ಸೀನ್ ನದಿಯಲ್ಲಿ ಮುಳುಗಿ ಸತ್ತಳು ಅಂತ ಹೇಳುವ, ಹೆಸರೂ ಗೊತ್ತಿಲ್ಲದ ಹುಡುಗಿಯ ಮುಖವಾಡದಿಂದ ತೆಗೆದದ್ದು. ಮುರ್ಡೇಶ್ವರ, ಗೋಕರ್ಣ, ಕಾರವಾರದ ಬೀಚ್ ಬದಿಯ ಅಂಗಡಿಯವರು, ಹೋಮ್‌ಸ್ಟೇಯವರು, ಆಟೋದವರು ಎಲ್ಲರೂ ಒಮ್ಮೆಯಾದರೂ ಈ ಗೊಂಬೆಯ ಎದೆ ಒತ್ತಿರಬೇಕು ಅನ್ನುವುದು ನನ್ನ ಆಸೆ.

ಯಾಕೆಂದರೆ ನಮ್ಮಲ್ಲಿ ಮೊದಲು ತಲುಪುವವರು ಯಾವಾಗಲೂ ಊರಿನವರೇ. 2024ರ ಆಗಸ್ಟ್ 6ರ ನಡುರಾತ್ರಿ ದಾಟಿದ ಮೇಲೆ ಕಾಳಿ ನದಿಯ ಹಳೆ ಸೇತುವೆ ಕುಸಿದು ಲಾರಿ ನೀರಿಗೆ ಬಿತ್ತು. ಚಾಲಕನನ್ನು ಬದುಕಿಸಿ ತಂದದ್ದು ಮೀನುಗಾರರು ಮತ್ತು ಪೊಲೀಸರು. ಅದಕ್ಕೆ ಮೂರು ವಾರ ಮೊದಲು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಬಿದ್ದಾಗಲೂ ಮೊದಲು ಓಡಿ ಬಂದವರು ಸುತ್ತಲಿನವರು. ಗುಡ್ಡ ಇನ್ನೊಮ್ಮೆ ಜಾರಬಹುದು, ಎಲ್ಲಿ ನಿಲ್ಲಬಾರದು, ಹೆದ್ದಾರಿಯಲ್ಲಿ ಬರುವ ವಾಹನಗಳನ್ನು ಎಷ್ಟು ದೂರದಲ್ಲಿ ತಡೆಯಬೇಕು, ಗ್ಯಾಸ್ ಟ್ಯಾಂಕರ್ ಇದ್ದರೆ ಏನು, ಇದನ್ನು ಅವರಿಗೆ ಯಾರಾದರೂ ಮೊದಲೇ ಮಾಡಿಸಿದ್ದರೇ? ನಮಗೆ ದೊಡ್ಡ ಆಸ್ಪತ್ರೆ ಬೇಕು ಅಂತ ಜಿಲ್ಲೆಯ ಜನ ಎಷ್ಟೋ ವರ್ಷದಿಂದ ಕೂಗುತ್ತಿದ್ದಾರೆ. ನಾನೂ ಕೂಗಿದ್ದೇನೆ, ಆ ಬೇಡಿಕೆ ಹಾಗೇ ಇರಲಿ. ಆದರೆ ಮಂಗಳೂರು, ಮಣಿಪಾಲ, ಹುಬ್ಬಳ್ಳಿ, ಗೋವಾ ಯಾವ ಕಡೆ ಹೋದರೂ ಗಂಟೆಗಟ್ಟಲೆ ದಾರಿ. ಸಿರ್ಸಿಯಿಂದ ಹುಬ್ಬಳ್ಳಿಗೇ ಸುಮಾರು 100 ಕಿಲೋಮೀಟರ್. ದೊಡ್ಡ ಆಸ್ಪತ್ರೆ ನಾಳೆಯೇ ಬಂದರೂ ಮೊದಲ ಹತ್ತು ನಿಮಿಷ ನಮ್ಮ ಕೈಯಲ್ಲೇ ಇರುತ್ತದೆ.

ಅಣಕು ಕಾರ್ಯಾಚರಣೆ ನಾವು ಮಾಡುತ್ತಲೇ ಇದ್ದೇವಲ್ಲ ಅಂತ ನೀವು ಹೇಳಬಹುದು. 2025ರ ಮೇ ತಿಂಗಳಲ್ಲಿ ದೇಶದಾದ್ಯಂತ ನಡೆದ ಅಣಕು ಕಾರ್ಯಾಚರಣೆಗೆ ಕರ್ನಾಟಕದಲ್ಲಿ ಆರಿಸಿದ ಜಾಗಗಳಲ್ಲಿ ಕಾರವಾರವೂ ಒಂದು. ಕೈಗಾ ಸುತ್ತಲಿನ ಹಳ್ಳಿಗಳಲ್ಲೂ ಆಗಾಗ ನಡೆಯುತ್ತದೆ. ನಡೆಯಬೇಕು ಕೂಡ. ಆದರೆ ನಾನು ನೋಡಿದ ಬಹಳಷ್ಟು ಅಣಕು ಪ್ರದರ್ಶನಗಳಲ್ಲಿ ಎಲ್ಲ ಮೊದಲೇ ನಿಶ್ಚಯ. ಯಾರು ಬೀಳಬೇಕು, ಯಾರು ಎತ್ತಬೇಕು, ಎಷ್ಟು ಗಂಟೆಗೆ ಸೈರನ್, ಎಷ್ಟು ಗಂಟೆಗೆ ಫೋಟೋ. ಒಂದೂ ತಪ್ಪಾಗುವುದಿಲ್ಲ. ತಪ್ಪೇ ಆಗದಿದ್ದರೆ ಫ್ರಿಜ್ಜಿನ ಕೀಲಿ ಸಿಗುವುದು ಹೇಗೆ?

ನಿಜವಾದ ಕಲಿಕೆ ನಡೆಯುವುದು ಅಭ್ಯಾಸ ಮುಗಿದ ಮೇಲೆ, ಎಲ್ಲರೂ ಸುತ್ತ ಕೂತಾಗ. ಏನಾಯಿತು, ಆಗ ನಿನಗೆ ಏನು ಅನ್ನಿಸಿತು, ಯಾಕೆ ಹಾಗೆ ಮಾಡಿದೆ, ಮುಂದಿನ ಸಲ ಏನು ಮಾಡುತ್ತೀ. ಇಲ್ಲಿ ಯಾರನ್ನೂ ಬೈಯಬಾರದು, ಸೇವಾ ಕಡತದಲ್ಲಿ ಬರೆಯಬಾರದು. ಬರೆದರೆ ಮುಂದಿನ ಸಲ ಎಲ್ಲರೂ ನಾಟಕ ಮಾಡುತ್ತಾರೆ. ದಯವಿಟ್ಟು ಇದೊಂದನ್ನು ಆದೇಶದಲ್ಲೇ ಬರೆಸಿ. 1977ರಲ್ಲಿ ತೆನೆರಿಫ್ ದ್ವೀಪದಲ್ಲಿ ಎರಡು ದೊಡ್ಡ ವಿಮಾನಗಳು ರನ್‌ವೇಯಲ್ಲೇ ಡಿಕ್ಕಿಯಾಗಿ 583 ಜನ ಸತ್ತರು. ಇನ್ನೊಂದು ವಿಮಾನ ಇನ್ನೂ ರನ್‌ವೇ ಮೇಲೆ ಇದೆಯೇನೋ ಅಂತ ಕಾಕ್‌ಪಿಟ್ಟಿನಲ್ಲಿದ್ದ ಕಿರಿಯನಿಗೆ ಅನುಮಾನ ಬಂದಿತ್ತು, ಕೇಳಿಯೂ ಇದ್ದ. ಹಿರಿಯ ಕ್ಯಾಪ್ಟನ್ ಮುಂದೆ ಅದು ನಿಲ್ಲಲಿಲ್ಲ. ಆಮೇಲಿನ ವರ್ಷಗಳಲ್ಲಿ ವಿಮಾನದವರು ಕಿರಿಯರು ಗಟ್ಟಿಯಾಗಿ ಹೇಳುವುದನ್ನು, ಹಿರಿಯರು ಕೇಳಿಸಿಕೊಳ್ಳುವುದನ್ನು ಸಿಮ್ಯುಲೇಟರಿನಲ್ಲೇ ಅಭ್ಯಾಸ ಮಾಡಿಸತೊಡಗಿದರು. ನಮ್ಮ ಆಸ್ಪತ್ರೆಯಲ್ಲಿ ಡಾಕ್ಟರ್ ಮುಂದೆ ನರ್ಸ್ ಬಾಯಿ ಬಿಡುವುದಿಲ್ಲ. ಬೋಟಿನಲ್ಲಿ ತಾಂಡೇಲನ ಮುಂದೆ ಹೊಸ ಹುಡುಗ ಬಾಯಿ ಬಿಡುವುದಿಲ್ಲ. "ಸರ್, ರಕ್ತ ನಿಂತಿಲ್ಲ" ಅನ್ನುವ ಮೂರು ಮಾತು ಹೇಳಲೂ ಅಭ್ಯಾಸ ಬೇಕು.

ಕೋಟಿ ಬೆಲೆಯ ಯಂತ್ರ ಕೇಳುತ್ತಿದ್ದೇನೆ ಅಂತ ದಯವಿಟ್ಟು ತಿಳಿಯಬೇಡಿ. ನನಗೆ ಹೆದರಿಕೆ ಇರುವುದೇ ಅದರದ್ದು. ಟೆಂಡರ್ ಆಗಿ, ರಿಬ್ಬನ್ ಕತ್ತರಿಸಿ, ಕಲಿಸುವವರಿಲ್ಲದೆ ಪ್ಲಾಸ್ಟಿಕ್ ಹೊದ್ದು ಕೂತ ಯಂತ್ರಗಳನ್ನು ನಾನು ನೋಡಿದ್ದೇನೆ. ಅಮೆರಿಕದ ಎಡ್ವಿನ್ ಲಿಂಕ್ 1929ರಲ್ಲಿ ನೆಲದ ಮೇಲೇ ವಿಮಾನ ಹಾರಿಸಲು ಕಲಿಸುವ ತನ್ನ ಮೊದಲ ಪೆಟ್ಟಿಗೆ ಮಾಡಿದ್ದು ಅವರಪ್ಪನ ಆರ್ಗನ್ ವಾದ್ಯದ ಕಾರ್ಖಾನೆಯ ತಿದಿ, ಗಾಳಿ ಪಂಪುಗಳಿಂದ. ಕೆಲಸಕ್ಕೆ ಎಷ್ಟು ಬೇಕೋ ಅಷ್ಟು ನಿಜದ ಹಾಗಿದ್ದರೆ ಸಾಕು. ಕೆಲವು ಕಡೆ ಅಗ್ಗದ್ದು ಸಾಲುವುದಿಲ್ಲ, ಅದನ್ನೂ ಹೇಳಬೇಕು. ದೇವಿಮನೆ ಘಟ್ಟ, ಅರಬೈಲು ಘಟ್ಟ ಇಳಿಯುವ ಲಾರಿ ಚಾಲಕನಿಗೆ ಟಿವಿ ಪರದೆ ಮುಂದೆ ಸ್ಟೇರಿಂಗ್ ತಿರುಗಿಸಿದರೆ ಏನೂ ಸಿಗುವುದಿಲ್ಲ. ಬ್ರೇಕ್ ಕಾದು ಕೈಕೊಡುವುದು, ಗೇರಿನಲ್ಲೇ ಹಿಡಿದು ಇಳಿಸುವುದು ಕಾಲಿಗೆ ಗೊತ್ತಾಗಬೇಕು. 2025ರ ಜನವರಿಯಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹೊರಟ ತರಕಾರಿ ಲಾರಿ ಯಲ್ಲಾಪುರದ ಗುಳ್ಳಾಪುರ ಬಳಿ ಉರುಳಿ 10 ಜನ ಹೋದರು. ಘಟ್ಟದ ಚಾಲಕರ ತರಬೇತಿಯನ್ನು ಸಾರಿಗೆ ಇಲಾಖೆಯವರು ತಿಳಿದವರನ್ನು ಕೂರಿಸಿಕೊಂಡು ಬೇರೆಯೇ ಯೋಚಿಸಬೇಕು. ಲೈನ್‌ಮನ್‌ಗಳು, ಮಳೆಯಲ್ಲಿ ಅಡಿಕೆ ಮರಕ್ಕೆ ಮದ್ದು ಹೊಡೆಯುವ ಸಿರ್ಸಿ, ಸಿದ್ದಾಪುರದ ಕೊನೆಗೌಡರು, ಇವರದ್ದೂ ಹಾಗೇ. ಅವರ ಕೆಲಸ ಗೊತ್ತಿದ್ದವರು ಬರೆದರೆ ಚೆನ್ನ.

ನನ್ನ ಮಟ್ಟಿಗೆ ಹೇಳುವುದಾದರೆ, ಶುರುವಿಗೆ ಎರಡು ಕೋಣೆ ಸಾಕು. ಕರಾವಳಿಗೆ ಕಾರವಾರದ ವೈದ್ಯಕೀಯ ಕಾಲೇಜಿನಲ್ಲಿ ಒಂದು, ಘಟ್ಟದ ಮೇಲಿನವರಿಗೆ ಸಿರ್ಸಿಯಲ್ಲಿ ಒಂದು. ಗೊಂಬೆಗಳು, ಹುಸಿ ಹೊಟ್ಟೆಗಳು, ಜಾಕೆಟ್‌ಗಳು ಅಲ್ಲಿರಲಿ, ತಾಲೂಕುಗಳಿಗೆ ಎರವಲು ಹೋಗಲಿ. ಅಭ್ಯಾಸ ಮಾತ್ರ ಆಯಾ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲೇ, ಅಲ್ಲಿಯ ಫ್ರಿಜ್ಜು, ಅಲ್ಲಿಯ ಕಾರಿಡಾರಿನಲ್ಲೇ ಆಗಬೇಕು, ತಿಂಗಳಿಗೆ ಒಂದು ಸಲ, ರಾತ್ರಿ ಪಾಳಿಯನ್ನೂ ಸೇರಿಸಿ. ಕಲಿಸುವವರಿಗೆ ಅದು ಹೆಚ್ಚುವರಿ ಹೊರೆ ಆಗದಂತೆ ಡ್ಯೂಟಿಯಲ್ಲೇ ಲೆಕ್ಕ ಹಿಡಿಯಿರಿ. ಒಂದು ವರ್ಷ ಮಾಡಿ ನೋಡಿ, ಏನೇನು ದೋಷ ಸಿಕ್ಕಿತು, ಎಷ್ಟು ಸರಿಹೋಯಿತು ಅಂತ ಜನರ ಮುಂದಿಡಿ.

ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಮುಂದಿನ ಸಭೆಯಲ್ಲಿ ಈ ವಿಷಯ ತೆಗೆದುಕೊಳ್ಳಿ ಅಂತ ಕೈಮುಗಿದು ಕೇಳುತ್ತೇನೆ. ಮೀನುಗಾರರ ಸಹಕಾರ ಸಂಘದವರನ್ನು, ಇಬ್ಬರು ಸ್ಟಾಫ್ ನರ್ಸ್‌ಗಳನ್ನು ಆ ಸಭೆಗೆ ಕರೆಯಿರಿ. ಅಧಿಕಾರಿಗಳಷ್ಟೇ ಕೂತು ತೀರ್ಮಾನ ಮಾಡಿದರೆ ಕೆಲಸದ ಕಷ್ಟ ಅಲ್ಲಿಗೆ ಬರುವುದಿಲ್ಲ. ಹೆರಿಗೆ ವಾರ್ಡಿನ ಅಭ್ಯಾಸ ಯಾವ ತಾಲೂಕಿನಲ್ಲಿ ಇಟ್ಟರೂ ನಾನು ಬಂದು ಕಲಿಸಲು ತಯಾರಿದ್ದೇನೆ. ನನ್ನ ಹಾಗೆ ಬರುವವರು ಇನ್ನೂ ಇದ್ದಾರೆ. ಮೀನುಗಾರರ ತರಬೇತಿ ಮುಂದಿನ ಜೂನ್‌ನಲ್ಲಿ ಆಗಬೇಕಾದರೆ ಜಾಕೆಟ್, ತರಬೇತುದಾರರು, ಗೋವಾದ ಸೀಟು, ಕೂಲಿಯ ಹಣ, ಎಲ್ಲದರ ತಯಾರಿ ಮಾರ್ಚಿಗೇ ಶುರುವಾಗಬೇಕು. ನಿಮ್ಮ ಉತ್ತರಕ್ಕೆ ಕಾಯುತ್ತಿದ್ದೇವೆ.

ಇಂತಿ,
ಕುಮಟಾ ತಾಲೂಕಿನ ಒಬ್ಬ ನರ್ಸಿಂಗ್ ಶಿಕ್ಷಕಿ